ಹಾಜರಿ ಪುಸ್ತಕದ ಅಣ್ಣ

ಆವುಲಪ್ಪ ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದು ಐದನೇ ಸಲಕ್ಕೆ, ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಮೂವತ್ತಮೂರನೇ ವಯಸ್ಸಿಗೆ. ಪೇಪರಿನಲ್ಲಿ ನಂಬರು ಬಂದ ದಿನ ಶಿಡ್ಲಘಟ್ಟದ ಕಚೇರಿಯಲ್ಲಿ ಅವನಿಗಿಂತ ಹೆಚ್ಚು ಕುಣಿದಾಡಿದ್ದು ಹೆಡ್ ಗುಮಾಸ್ತರಾದ ಚನ್ನಕೇಶವಯ್ಯನವರು. "ಲೋ ವೆಂಕಟರವಣಪ್ಪ, ಪಾಸಾಗಿದೀಯ ಕಣೋ! ಕಂಬದ ಥರ ನಿಂತಿದೀಯಲ್ಲ, ನಗೋ ಸ್ವಲ್ಪ!" ಎಂದು ಬೆನ್ನಿಗೆ ಒಂದು ಗುದ್ದಿದರು. ಆವುಲಪ್ಪ ನಕ್ಕ. ನಗು ಅಂದರೆ ನಗು, ಅಷ್ಟೆ. ಆಮೇಲೆ ಟಪಾಲು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಂಚೆ ಕಚೇರಿಗೆ ಹೊರಟುಹೋದ.

ಇದೇನಪ್ಪ, ಶುರುವಿನಲ್ಲೇ ಹೆಸರು ಅದಲು ಬದಲಾಯಿತಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ಮನೆಯಲ್ಲಿ ಅವನು ಆವುಲಪ್ಪ, ಕಾಗದದಲ್ಲಿ ವೆಂಕಟರವಣಪ್ಪ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎನ್ನುವ ಕಾಲ ಅದು. "ಬೇರೆ ಹೆಂಗಸರಿಗೆ ಹೇಳಬಾರದ್ದು ಒಂದೇ ಹೆಸರು, ನಂಗೆ ಎರಡು ಕಣಮ್ಮ" ಎಂದು ಅವನ ಹೆಂಡತಿ ಯಶೋದಮ್ಮ ನೀರಿನ ಬಾವಿಯ ಹತ್ತಿರ ಎಲ್ಲರನ್ನೂ ನಗಿಸುತ್ತಿದ್ದಳು. ನಗಿಸಲಿ ಪಾಪ. ಆದರೆ ಆ ಎರಡನೇ ಹೆಸರು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವಳೂ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಸಾದಲಿಯಿಂದ ಎರಡು ಮೈಲಿ ಒಳಗೆ ಅವರ ಹಳ್ಳಿ. ಅಪ್ಪ ಮುನಿಶಾಮಪ್ಪನಿಗೆ ಮೂರು ಎಕರೆ ಹೊಲ, ಬಾವಿಯ ಪಕ್ಕದಲ್ಲಿ ಒಂದಿಷ್ಟು ಹಿಪ್ಪುನೇರಳೆ ತೋಟ. ತಾಯಿ ಅಮ್ಮಾಜಮ್ಮ ರೇಷ್ಮೆ ಹುಳ ಸಾಕುವುದರಲ್ಲಿ ಎತ್ತಿದ ಕೈ. ಇಬ್ಬರು ಗಂಡುಮಕ್ಕಳು. ದೊಡ್ಡವನು ವೆಂಕಟರವಣಪ್ಪ, ಮನೆಯವರ ಬಾಯಲ್ಲಿ ರವಣ. ಅವನಿಗಿಂತ ಮೂರು ವರ್ಷ ಚಿಕ್ಕವನು ಆವುಲಪ್ಪ. ರವಣನನ್ನು ಆರು ತುಂಬುತ್ತಲೇ ಊರಿನ ಸ್ಕೂಲಿಗೆ ಹಾಕಿದ್ದರು. ಅವನಿಗೆ ಎಂಟಾದ ವರ್ಷ, ಶ್ರಾವಣದಲ್ಲಿ, ಅಮ್ಮಾಜಮ್ಮ ಅವನೊಬ್ಬನನ್ನೇ ಕರೆದುಕೊಂಡು ಕೈವಾರದ ಹತ್ತಿರದ ತನ್ನ ತವರಿಗೆ ಹೋದಳು. ಎಂಟು ದಿನ ಬಿಟ್ಟು ಒಬ್ಬಳೇ ಬಂದಳು. ಮೂರೇ ದಿನದ ಜ್ವರವಂತೆ. ಅಲ್ಲೇ ಮಣ್ಣು ಮಾಡಿದ್ದರು.

ಬಂದವಳು ಅಳಲಿಲ್ಲ. ಕೈಕಾಲು ತೊಳೆದುಕೊಂಡು ನೇರವಾಗಿ ಹುಳದ ಕೋಣೆಗೆ ಹೋಗಿ ತಟ್ಟೆ ತಟ್ಟೆಗೂ ಸೊಪ್ಪು ಹಾಕಿದಳು. ಮನಸ್ಸು ಹಗುರವಾಗಲಿ ಎಂದು ಊರ ಹೆಂಗಸರು ಅವಳನ್ನು ಅಳಿಸಲು ನೋಡಿದರು. ಅವಳು ಅವರ ಮುಖವನ್ನೇ ನೋಡುತ್ತಾ ಕೂತಳು. ಸತ್ತದ್ದು ಬೇರೆ ಊರಿನಲ್ಲಾದ್ದರಿಂದ ಈ ಊರಿನ ಜನನ ಮರಣದ ಪುಸ್ತಕದಲ್ಲಿ ಶಾನುಭೋಗರು ಬರೆಯಲಿಲ್ಲ. ಹುಡುಗ ಆ ಊರಿನವನಲ್ಲವಲ್ಲ ಎಂದು ಅಲ್ಲಿಯ ಶಾನುಭೋಗರೂ ಬರೆಯಲಿಲ್ಲ. ಮುನಿಶಾಮಪ್ಪನಿಗಂತೂ ಬರೆಸಬೇಕು ಎಂದು ಹೊಳೆಯಲೇ ಇಲ್ಲ.

ಹದಿನೈದು ದಿನ ಕಳೆದ ಮೇಲೆ ಸ್ಕೂಲಿನ ಮೇಷ್ಟ್ರು ಮನೆಗೆ ಬಂದರು. ಇಪ್ಪತ್ತು ಮಕ್ಕಳಿಲ್ಲದ ಸ್ಕೂಲನ್ನು ಮೇಲಿನವರು ಎತ್ತಂಗಡಿ ಮಾಡುತ್ತಾರೆ ಎಂಬ ಹೆದರಿಕೆ ಅವರಿಗೆ.

"ಮುನಿಶಾಮಪ್ಪ, ರವಣನ ಹೆಸರು ಹೊಡೆದುಹಾಕಿದ್ರೆ ಹತ್ತೊಂಬತ್ತಾಗುತ್ತೆ. ಚಿಕ್ಕೋನ್ನ ಕಳಿಸಪ್ಪ" ಎಂದರು.

"ಅವ್ನಿಗಿನ್ನೂ ಐದು ಸಾ. ಈಗ್ಲೇ ಸೇರಿಸ್ಕೊತಾರಾ?"

"ಹೊಸದಾಗಿ ಯಾಕೆ ಸೇರಿಸ್ಬೇಕು? ಹೆಸರು ಹೆಂಗೂ ಪುಸ್ತಕದಲ್ಲಿದೆಯಲ್ಲ. ಅದರಲ್ಲೇ ಕೂತ್ಕೊಳ್ಳಿ ಬಿಡು. ಒಂದನೇ ಕ್ಲಾಸಿಗೆ ಇಳಿಸಿದೀನಿ ಅಂತ ಬರ್ಕೊತೀನಿ."

ಮುನಿಶಾಮಪ್ಪ ಒಂದು ಗಳಿಗೆ ಯೋಚಿಸಿದ. "ಕೂತ್ಕೊಳ್ಳಿ ಬಿಡಿ ಸಾ" ಎಂದ. ಇಬ್ಬರೂ ದೊಡ್ಡ ಮನುಷ್ಯರೇ. ಒಬ್ಬರು ಓದಿದವರು ಬೇರೆ. ಒಂದು ಮಗುವನ್ನು ಇನ್ನೊಂದು ಮಗುವಿನ ಜಾಗಕ್ಕೆ ಸೇರಿಸುವುದೆಂದರೆ ಗೂಟ ಬದಲಾಯಿಸಿ ಕರು ಕಟ್ಟಿದಷ್ಟೇ ಸಲೀಸು ಎಂದುಕೊಂಡರಲ್ಲ, ಏನು ಹೇಳೋಣ ಇವರಿಗೆ!

ಮೊದಲನೇ ದಿನ ಮೇಷ್ಟ್ರು ಹಾಜರಿ ಕೂಗುತ್ತಾ ಬಂದು "ವೆಂಕಟರವಣಪ್ಪ" ಎಂದಾಗ ಐದು ವರ್ಷದ ಆವುಲ ತಿರುಗಿ ಬಾಗಿಲ ಕಡೆ ನೋಡಿದ. ಅಣ್ಣ ಬಂದ ಎಂದುಕೊಂಡ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಬೆತ್ತದಿಂದ ಮೇಜು ತಟ್ಟಿ, "ನೀನೇ ಕಣೋ ಅದು, ಹಾಜರ್ ಸಾರ್ ಅನ್ನು" ಎಂದರು. ಅವನು "ಹಾಜರ್ ಸಾರ್" ಎಂದ. ಅವತ್ತಿನಿಂದ ಆವುಲಪ್ಪನಿಗೆ ಒಂದು ಅಭ್ಯಾಸವಾಯಿತು. ಸ್ಕೂಲಿನ ಮೆಟ್ಟಿಲು ಹತ್ತುವಾಗ ತನ್ನನ್ನು ಹೊರಗಡೆ ಬಿಟ್ಟು ಒಳಗೆ ಹೋಗುವುದು. ಒಳಗೆ ಕೂತವನಿಗೆ ಏಟು ಬಿದ್ದರೂ ನೋವಿಲ್ಲ, ಶಭಾಷ್ ಅಂದರೂ ಖುಷಿಯಿಲ್ಲ. ಯಾರಿಗೋ ಅಂದದ್ದು, ತನಗೇನು?

ಇನ್ನೊಂದು ಸಂಗತಿಯಿದೆ, ಅದನ್ನು ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ಆ ವಾರದಿಂದ ಅಮ್ಮಾಜಮ್ಮ ದಿನಾ ಬೆಳಿಗ್ಗೆ ಸೊಪ್ಪಿನ ಮಂಕರಿ ಹೊತ್ತುಕೊಂಡು ತೋಟದ ದಾರಿ ಬಿಟ್ಟು ಸ್ಕೂಲಿನ ಹಿಂದಿನ ದಾರಿ ಹಿಡಿದಳು. ಅಲ್ಲಿ ಗೋಡೆಯ ಪಕ್ಕ ಒಂದು ಹೊಂಗೆ ಮರ. ಹಾಜರಿ ಕೂಗುವ ಹೊತ್ತಿಗೆ ಅದರ ಕೆಳಗೆ ನಿಲ್ಲುತ್ತಿದ್ದಳು. ಒಳಗಿನಿಂದ "ವೆಂಕಟರವಣಪ್ಪ" ಎಂದು ಕೇಳಿಸುತ್ತಿತ್ತು. "ಹಾಜರ್ ಸಾರ್" ಎಂದೂ ಕೇಳಿಸುತ್ತಿತ್ತು. ಆಮೇಲೆ ಮಂಕರಿ ಎತ್ತಿಕೊಂಡು ಹೋಗುತ್ತಿದ್ದಳು. ನಾಲ್ಕು ವರ್ಷ, ಮಳೆಯಿರಲಿ ಬಿಸಿಲಿರಲಿ. ಎಷ್ಟು ಮಕ್ಕಳಮ್ಮ ಎಂದು ಯಾರಾದರೂ ಕೇಳಿದರೆ, "ಇಬ್ರು. ಒಬ್ಬ ಮನೇಲವ್ನೆ, ಒಬ್ಬ ಇಸ್ಕೂಲಲ್ಲವ್ನೆ" ಎನ್ನುತ್ತಿದ್ದಳು. ಸಂಜೆ ಮನೆಗೆ ಬಂದ ಹುಡುಗನನ್ನು ಮಾತ್ರ "ಬಾ ಆವುಲಾ, ಮುದ್ದೆ ತಿನ್ನು" ಎಂದೇ ಕರೆಯುತ್ತಿದ್ದಳು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟಾಗ ರವಣನ ಹೆಸರಿನಲ್ಲಿ ಒಂದು ಎಲೆಯನ್ನೂ ಹಾಕಲಿಲ್ಲ. ಇರುವವನಿಗೆ ಯಾರಾದರೂ ಎಡೆ ಇಡುತ್ತಾರೆಯೇ?

ಹಾಗೆ ಆವುಲಪ್ಪ ಅಣ್ಣನ ಹೆಸರಿನಲ್ಲೇ ಮಿಡ್ಲ್ ಸ್ಕೂಲು ಮುಗಿಸಿ ಲೋಯರ್ ಸೆಕೆಂಡರಿ ಪಾಸು ಮಾಡಿದ. ಅಪ್ಪ ತೀರಿಕೊಂಡ. ಹೈಸ್ಕೂಲಿನ ಮಾತು ಅಲ್ಲಿಗೆ ಮುಗಿಯಿತು. ಹದಿನೆಂಟಕ್ಕೆ ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆದ. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಫೈಲು ಕಟ್ಟುವುದು, ಟಪಾಲು ಒಯ್ಯುವುದು, ಗಂಟೆ ಬಾರಿಸಿದರೆ ಸಾಹೇಬರ ಮುಂದೆ ಹೋಗಿ ನಿಲ್ಲುವುದು. ಕಚೇರಿಯ ಮೆಟ್ಟಿಲಿನಲ್ಲೂ ಅವನಿಗೆ ಅದೇ ಅಭ್ಯಾಸ. ತನ್ನನ್ನು ಹೊರಗಡೆ ಬಿಟ್ಟು ಒಳಗೆ ಹೋಗುತ್ತಿದ್ದ.

ಐವತ್ತಾರರಲ್ಲಿ ಚನ್ನಕೇಶವಯ್ಯ ಅವನನ್ನು ಹತ್ತಿರ ಕರೆದು, "ನೋಡೋ, ಅಟೆಂಡರುಗಳು ಎಸ್.ಎಸ್.ಎಲ್.ಸಿ. ಮಾಡ್ಕೊಂಡ್ರೆ ನಮ್ಮಲ್ಲೇ ಗುಮಾಸ್ತೆ ಕೆಲಸಕ್ಕೆ ತಗೊಳ್ತಾರೆ. ಮೂವತ್ತೈದು ದಾಟಿರಬಾರ್ದು ಅಷ್ಟೆ. ನಿಂಗೆಷ್ಟು?" ಎಂದು ಕೇಳಿದರು.

"ಇಪ್ಪತ್ತೆಂಟು ಸಾರ್."

"ಅಯ್ಯೋ, ಏಳು ವರ್ಷ ಟೈಮಿದೆ. ಪ್ರೈವೇಟಾಗಿ ಕಟ್ಟು ಕಣೋ."

ಇಲ್ಲೇ ನೋಡಿ ಎಡವಟ್ಟಾದದ್ದು. ಕೇಳಿದವರು ವೆಂಕಟರವಣಪ್ಪನನ್ನು, ಉತ್ತರ ಕೊಟ್ಟವನು ಆವುಲಪ್ಪ. ಹೆಸರು ಅಣ್ಣನದು ಎಂಬುದು ಅವನಿಗೆ ದಿನಾ ನೆನಪಿರುತ್ತಿತ್ತು. ಹುಟ್ಟಿದ ತಾರೀಖೂ ಅಣ್ಣನದೇ ಎಂಬುದು ಒಂದು ದಿನವೂ ತಲೆಗೆ ಹೋಗಿರಲಿಲ್ಲ. ಹೆಸರನ್ನಾದರೆ ಕೂಗುತ್ತಾರೆ, ಹುಟ್ಟಿದ ತಾರೀಖನ್ನು ಯಾರು ಕೂಗುತ್ತಾರೆ?

ಏಳು ವರ್ಷ ಇದೆಯಲ್ಲ ಎಂದು ನಿಧಾನವಾಗಿಯೇ ಓದಿದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ರೆಕಾರ್ಡು ಕೋಣೆಯ ಹಿಂದೆ, ಹಳೇ ಫೈಲುಗಳ ಧೂಳಿನಲ್ಲಿ. ಸೈಕಲ್ ಮೇಲೆ ಟಪಾಲು ಒಯ್ಯುವಾಗ ಬಾಯಲ್ಲಿ ಜಾಮಿಟ್ರಿ. ಮೊದಲ ಸಲ ಚಿಂತಾಮಣಿಗೆ ಹೋಗಿ ಪರೀಕ್ಷೆಗೆ ಕೂತಾಗ ಸುತ್ತ ಮೀಸೆ ಬಾರದ ಹುಡುಗರು. ಒಬ್ಬ ಎದ್ದು ನಿಂತು "ನಮಸ್ಕಾರ ಸಾರ್" ಎಂದ, ಮೇಷ್ಟ್ರು ಅಂದುಕೊಂಡು. ಆ ವರ್ಷ ಇಂಗ್ಲಿಷು, ಗಣಿತ ಎರಡೂ ಡುಮ್ಕಿ. ಮರು ವರ್ಷ ಗಣಿತ ಪಾಸು, ಇಂಗ್ಲಿಷು ಡುಮ್ಕಿ. ಮೂರನೇ ಸಲ ಮೂರು ನಂಬರಿಗೆ ಹೋಯಿತು, ನಾಲ್ಕನೇ ಸಲ ಒಂದೇ ಒಂದು ನಂಬರಿಗೆ. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವನು ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಮತ್ತೆ ಓದಲು ಕೂತ. "ನಿಮಗೆ ಬೇಜಾರೂ ಆಗಲ್ವಾ?" ಎಂದು ಯಶೋದಮ್ಮ ಕೇಳಿದರೆ, "ಆಗಬೇಕಿತ್ತು" ಎಂದ. ನನಗಂತೂ ಈ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತದೆ.

ಐದನೇ ಸಲ ಪಾಸಾದ. ಗುಮಾಸ್ತೆ ಕೆಲಸವೂ ಖಾಲಿಯಿತ್ತು. ಚನ್ನಕೇಶವಯ್ಯ ಸಡಗರದಿಂದ ಅರ್ಜಿ ತುಂಬಿಸಲು ಕೂತರು. ಸರ್ವೀಸ್ ರಿಜಿಸ್ಟರ್ ತೆರೆದು ಹುಟ್ಟಿದ ತಾರೀಖು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನೋ ಇದು? ಇಪ್ಪತ್ತೈದನೇ ಇಸವಿ ಅಂತಿದೆ. ಮೂವತ್ತಾರಾಯ್ತಲ್ಲೋ ನಿಂಗೆ! ನಿಜವಾಗ್ಲೂ ಎಷ್ಟು?"

ಆವುಲಪ್ಪ ಇಷ್ಟು ವರ್ಷದಲ್ಲಿ ಮೊದಲ ಸಲ ಕಚೇರಿಯಲ್ಲಿ ಇದ್ದದ್ದು ಇದ್ದಂತೆ ಹೇಳಿದ. ಅವನು ಹೇಳಿದ್ದು ನಾಲ್ಕೇ ಮಾತು. ಚನ್ನಕೇಶವಯ್ಯ ಬಾಯಿ ತೆರೆದುಕೊಂಡು ಕೇಳಿದರು. ಒಳ್ಳೆಯವರು, ಆದರೆ ಕಾಗದದಿಂದ ಆದದ್ದನ್ನು ಇನ್ನೊಂದು ಕಾಗದದಿಂದ ಸರಿಮಾಡಬಹುದು ಎಂದು ನಂಬಿದ ಜೀವ. "ತಾಯಿ ಇದಾರಲ್ಲ, ಬದುಕಿದೆವು ಬಿಡು. ದೊಡ್ಡಮಗ ಇಂಥಾ ದಿನ ತೀರಿಕೊಂಡ, ಆ ಹೆಸರಲ್ಲಿ ಓದಿದವನು ಚಿಕ್ಕೋನು ಅಂತ ಒಂದು ಅಫಿಡವಿಟ್ ಬರೆಸೋಣ. ಸಾಹೇಬರ ಮುಂದೆ ಅವರದೊಂದು ಹೆಬ್ಬೆಟ್ಟು ಹಾಕಿಸು. ನಿನ್ನ ಹೆಸರೂ ವಾಪಸ್ ಬರುತ್ತೆ, ವಯಸ್ಸೂ ವಾಪಸ್ ಬರುತ್ತೆ" ಎಂದರು.

ತನ್ನ ಹೆಸರು ವಾಪಸ್ಸು ಬರುತ್ತದೆ ಎಂದದ್ದು ಮಾತ್ರ ಆವುಲಪ್ಪನ ಕಿವಿಯಲ್ಲಿ ಉಳಿಯಿತು. ಗುಮಾಸ್ತೆ ಕೆಲಸಕ್ಕಿಂತ ಅದೇ ಬೇಕು ಅನ್ನಿಸಿತು. ಅದು ಆಸೆ ಎಂಬುದೇ ಅವನಿಗೆ ಮೊದಲು ಗೊತ್ತಾಗಲಿಲ್ಲ, ಎಲ್ಲೋ ಜ್ವರ ಬರುವ ಹಾಗಿದೆ ಎಂದುಕೊಂಡ. ಆದರೆ ತಾಯಿಯನ್ನು ಹೇಗೆ ಕೇಳುವುದು? ನಿನ್ನ ದೊಡ್ಡಮಗ ಸತ್ತಿದ್ದಾನೆ ಎಂದು ಹೆಬ್ಬೆಟ್ಟು ಒತ್ತು ಎಂದು ಯಾವ ಬಾಯಿಂದ ಹೇಳುವುದು? ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ. ಅರ್ಜಿಗೆ ಕೊನೆ ದಿನ ಹತ್ತಿರ ಬಂದಾಗ ಯಶೋದಮ್ಮನೇ ತಡೆಯಲಾರದೆ ಹುಳದ ಕೋಣೆಗೆ ಹೋಗಿ ಅತ್ತೆಯ ಕಿವಿಗೆ ಹಾಕಿದಳು.

ಅಮ್ಮಾಜಮ್ಮ ಸೊಪ್ಪು ಹೆಚ್ಚುತ್ತಿದ್ದವಳು ಹೆಚ್ಚುತ್ತಲೇ ಇದ್ದಳು. ಮಂಕರಿಯ ಸೊಪ್ಪು ಮುಗಿದ ಮೇಲೆ ಕುಡುಗೋಲು ಪಕ್ಕಕ್ಕಿಟ್ಟು, ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿದಳು.

"ಯಾವತ್ತು ಹೋಗಣ ಆವುಲಾ?" ಎಂದಳು.

ಅಷ್ಟೆ. ಇಪ್ಪತ್ತೆಂಟು ವರ್ಷ ಹೊತ್ತದ್ದನ್ನು ಅಷ್ಟು ಮಾತಿನಲ್ಲಿ ಇಳಿಸಿದಳು. ಅವಳು ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಸೋಮವಾರ ತಾಯಿ ಮಗ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಬಂದರು. ಚನ್ನಕೇಶವಯ್ಯ ಛಾಪಾ ಕಾಗದದ ಮೇಲೆ ಬರೆಸಿ ಇಟ್ಟಿದ್ದರು. ಸಹಿ ಹಾಕಬೇಕಾದ ಸಾಹೇಬರು ಎದುರಿಗೆ ಬೆಂಚು ತೋರಿಸಿ, ಕಾಗದವನ್ನು ಗಟ್ಟಿಯಾಗಿ ಓದಿದರು. ಕೊನೆಗೆ "ನಿಮ್ಮ ದೊಡ್ಡಮಗ ತೀರಿಕೊಂಡಿದ್ದು ನಿಜವೇನಮ್ಮ? ಯಾವಾಗ?" ಎಂದು ಕೇಳಿದರು.

"ಶ್ರಾವಣದ ಎರಡನೇ ಶನಿವಾರ ಸ್ವಾಮಿ. ಬೆಳಿಗ್ಗೆ. ಪಾಯಸ ಬೇಕು ಅಂದ. ಬೆಲ್ಲ ಇರ್ಲಿಲ್ಲ, ಪಕ್ಕದ ಮನೆಗೆ ಹೋಗಿ ಈಸ್ಕೊಂಡು ಬರೋಷ್ಟ್ರಲ್ಲಿ ಹೋಗ್ಬಿಟ್ಟಿದ್ದ" ಎಂದಳು ಅಮ್ಮಾಜಮ್ಮ.

ಬೆಲ್ಲದ ವಿಷಯ ಆವುಲಪ್ಪನಿಗೂ ಅವತ್ತೇ ಗೊತ್ತಾದದ್ದು. ಚನ್ನಕೇಶವಯ್ಯ ಶಾಯಿ ದಿಂಡು ಮುಂದೆ ಸರಿಸಿದರು. ಅವಳು ಎಡಗೈ ಹೆಬ್ಬೆಟ್ಟನ್ನು ಅದ್ದಿ, ತೋರಿಸಿದ ಜಾಗದಲ್ಲಿ ಒತ್ತಿದಳು. ಚೆನ್ನಾಗಿ ಮೂಡಲಿ ಎಂದು ಇನ್ನೊಮ್ಮೆ ಅದುಮಿದಳು.

ಸಾಹೇಬರು ಸಹಿಗೆಂದು ಪೆನ್ನು ತೆಗೆದುಕೊಂಡವರು, ಜೊತೆಗೆ ಇಟ್ಟಿದ್ದ ಸರ್ಟಿಫಿಕೇಟುಗಳನ್ನು ಒಂದು ಸಲ ತಿರುವಿ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

"ಏನಯ್ಯ ಇದು? ಲೋಯರ್ ಸೆಕೆಂಡರಿ ಪಾಸಾದೋನು ವೆಂಕಟರವಣಪ್ಪ. ಎಸ್.ಎಸ್.ಎಲ್.ಸಿ. ಪಾಸಾದೋನು ವೆಂಕಟರವಣಪ್ಪ. ಕೆಲಸಕ್ಕೆ ಸೇರಿದೋನೂ ಅವನೇ. ಅವನು ಮೂವತ್ತಮೂರನೇ ಇಸವೀಲೇ ಸತ್ತ ಅಂತ ಈಯಮ್ಮ ಹೇಳ್ತಿದಾರೆ. ಹಾಗಾದ್ರೆ ನೀನ್ಯಾರು?"

"ಆವುಲಪ್ಪ ಸಾರ್."

"ಆವುಲಪ್ಪ ಅನ್ನೋನು ಒಂದನೇ ಕ್ಲಾಸೂ ಓದಿಲ್ಲವಲ್ಲಪ್ಪ! ಸತ್ತೋನ ಹೆಸರಲ್ಲಿ ಪರೀಕ್ಷೆ ಬರೆದೆ, ಸತ್ತೋನ ಹೆಸರಲ್ಲಿ ಸಂಬಳ ತಗೊಂಡೆ ಅಂತ ನೀನೇ ಬರ್ಕೊಟ್ಟಂಗಾಯ್ತು. ಇದಕ್ಕೆ ಸಹಿ ಬಿತ್ತು ಅಂದ್ರೆ ನಿನ್ನ ಎಸ್.ಎಸ್.ಎಲ್.ಸಿ.ನೂ ಹೋಯ್ತು, ಇರೋ ಕೆಲಸಾನೂ ಹೋಯ್ತು. ಆಮೇಲೆ ಕೇಸು ಬೇರೆ."

ಚನ್ನಕೇಶವಯ್ಯನವರ ಮುಖ ಬಿಳಿಚಿಕೊಂಡಿತು. ಅಷ್ಟು ವರ್ಷ ಕಾಗದದಲ್ಲೇ ಕೂದಲು ಹಣ್ಣು ಮಾಡಿಕೊಂಡವರಿಗೆ ಇದೊಂದು ಹೊಳೆದಿರಲಿಲ್ಲ. ಸಾಹೇಬರು ಕೆಟ್ಟವರಲ್ಲ. ಹೆಬ್ಬೆಟ್ಟು ಬಿದ್ದ ಕಾಗದವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿ, "ನಾನು ನೋಡಿಲ್ಲ, ನೀವು ಬಂದಿಲ್ಲ. ಕರ್ಕೊಂಡು ಹೋಗಯ್ಯ ತಾಯೀನ" ಎಂದರು.

ಅಮ್ಮಾಜಮ್ಮ ಏಳಲಿಲ್ಲ. ಬುಟ್ಟಿಯನ್ನೇ ನೋಡುತ್ತಿದ್ದಳು.

"ಹಂಗಾದ್ರೆ ರವಣ ಸತ್ತಿಲ್ಲ ಅಂತಾನಾ ಸ್ವಾಮಿ?" ಎಂದು ಕೇಳಿದಳು.

ಚನ್ನಕೇಶವಯ್ಯ ಸಾಹೇಬರ ಮುಖ ನೋಡಿದರು. ಸಾಹೇಬರೇ, "ಪುಸ್ತಕದಲ್ಲಿ ಇದಾನಮ್ಮ. ಅವನಿದ್ರೇನೇ ನಿಮ್ಮ ಈ ಮಗನ ಅನ್ನ" ಎಂದರು. ಅವಳು ಆ ಮಾತನ್ನು ತಲೆಯಾಡಿಸಿ ಕೇಳಿಸಿಕೊಂಡಳು, ವೈದ್ಯರು ಮದ್ದು ಹೇಳಿದಾಗ ಕೇಳಿಸಿಕೊಳ್ಳುವಂತೆ. ಆಮೇಲೆ ಎದ್ದಳು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಆವುಲಪ್ಪನಿಗೆ ಏನೂ ಅನ್ನಿಸಲಿಲ್ಲ. ಕೆಲಸ ಹೋಗಲಿಲ್ಲ ಎಂಬ ಸಮಾಧಾನವಿಲ್ಲ, ಗುಮಾಸ್ತೆ ಆಗಲಿಲ್ಲ ಎಂಬ ದುಃಖವಿಲ್ಲ. ಮೂರು ವಾರ ಜ್ವರದ ಹಾಗೆ ಇದ್ದದ್ದು ಬಿಟ್ಟುಹೋಗಿತ್ತು. ಕಾಲು ತಾನಾಗಿ ನಡೆಯುತ್ತಿತ್ತು. ತಾಯಿಯ ಹೆಬ್ಬೆಟ್ಟಿನಲ್ಲಿ ಶಾಯಿ ಹಾಗೇ ಇತ್ತು. ಸೆರಗಿಗೆ ತಾಗದಂತೆ ಅವಳು ಆ ಕೈಯನ್ನು ದೂರ ಹಿಡಿದುಕೊಂಡು ನಡೆಯುತ್ತಿದ್ದಳು. "ತೊಳ್ಕೊಳಮ್ಮ, ನಲ್ಲಿ ಐತೆ" ಎಂದ. "ಇರ್ಲಿ ಬಿಡಪ್ಪ" ಎಂದಳು.

ಬಸ್ಸಿನಲ್ಲಿ ಅವಳಿಗೆ ಮುಂದೆ ಹೆಂಗಸರ ಪಕ್ಕ ಜಾಗ ಸಿಕ್ಕಿತು. ಆವುಲಪ್ಪ ಒಂದು ಸಾಲು ಹಿಂದೆ, ಸರ್ಟಿಫಿಕೇಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಅಮ್ಮಾಜಮ್ಮನ ಪಕ್ಕದ ಹೆಂಗಸು ಎಲೆ ಅಡಿಕೆ ಮಡಚುತ್ತಾ ಮಾತಿಗೆ ತೆಗೆದಳು. ಯಾವೂರು, ಯಾಕೆ ಬಂದಿದ್ರಿ, ಮಳೆ ಹೆಂಗೆ ಎಂದೆಲ್ಲಾ ಆದ ಮೇಲೆ, "ಎಷ್ಟು ಮಕ್ಕಳಮ್ಮ ನಿಮ್ಗೆ?" ಎಂದು ಕೇಳಿದಳು.

ಆವುಲಪ್ಪ ಕಿವಿಗೊಟ್ಟ. ಈ ಪ್ರಶ್ನೆಗೆ ಉತ್ತರ ಅವನಿಗೆ ಬಾಯಿಪಾಠ. ಇಬ್ರು, ಒಬ್ಬ ಮನೇಲವ್ನೆ, ಒಬ್ಬ ಇಸ್ಕೂಲಲ್ಲವ್ನೆ.

"ಒಬ್ನೇ ಕಣಮ್ಮ" ಎಂದಳು ಅಮ್ಮಾಜಮ್ಮ. "ವೆಂಕಟರವಣಪ್ಪ ಅಂತ. ಹಿಂದ್ಗಡೆ ಕೂತವ್ನಲ್ಲ, ಅವ್ನೇ. ಕಚೇರೀಲವ್ನೆ. ಎಸ್ಸೆಲ್ಸಿ ಪಾಸಾಗವ್ನೆ."

"ಚಿಕ್ಕೋರು ಯಾರೂ ಇಲ್ವಾ?"

"ಇದ್ದ. ಇಲ್ಲ ಈಗ" ಎಂದಳು. ಸ್ವಲ್ಪ ಹೊತ್ತು ಹೆಬ್ಬೆಟ್ಟು ನೋಡಿಕೊಂಡಳು. ಸೆರಗಿನಿಂದ ಒರೆಸಿಬಿಟ್ಟಳು.

ಮಗನ ಅನ್ನ ಉಳಿಯಲಿ ಎಂದೇ ಅವಳು ಹಾಗೆಂದದ್ದು. ಇಬ್ಬರಲ್ಲಿ ಒಬ್ಬ ಇರಬೇಕು, ಯಾರಿದ್ದರೆ ಇವನಿಗೆ ಒಳ್ಳೆಯದು ಎಂಬುದನ್ನು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡವಳು ಅವಳೇ. ಆವುಲಪ್ಪನಿಗೂ ಅದು ಅರ್ಥವಾಯಿತು. ಅರ್ಥವಾದರೇನು, ಈ ಲೋಕದಲ್ಲಿ ಅವನನ್ನು ಆವುಲಾ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ ಉಳಿದಿದ್ದಳು.

ಕಂಡಕ್ಟರು ಟಿಕೆಟ್ಟು ಟಿಕೆಟ್ಟು ಎನ್ನುತ್ತಾ ಬಂದ. ಅಮ್ಮಾಜಮ್ಮ ಹಿಂದೆ ತಿರುಗಿ ಗಟ್ಟಿಯಾಗಿ ಕರೆದಳು.

"ರವಣಾ, ಸಾದಲಿಗೆ ಎರಡು ತಗೋ ನಾಯನಾ."

ಅವನು ತಿರುಗಿ ಬಸ್ಸಿನ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಜೇಬಿಗೆ ಕೈ ಹಾಕಿ, "ಎರಡು ಕೊಡಪ್ಪ, ಸಾದಲಿಗೆ" ಎಂದ.